ಅನ್ಯಗ್ರಹದವನಿಗೆ ದನಿ

“ನಾನು ನಿಮ್ಮ ಭೂಮಿಯನ್ನು ಗೆಲ್ಲಲು ಬಂದಿದ್ದೇನೆ!” ಎಂದು ಡಬ್ಬಿಂಗ್ ಕೋಣೆಯ ಮೈಕಿನ ಮುಂದೆ ತಮ್ಮ ಗುಡುಗಿದ. ಪರದೆಯ ಮೇಲೆ ಹಾರುವ ತಟ್ಟೆಯಿಂದ ಇಳಿದ ಹಸಿರು ರಬ್ಬರಿನ ಪ್ರಾಣಿ ಎರಡೂ ಕೈ ಎತ್ತಿ ನಿಂತಿತು. ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮನೆ ಯಜಮಾನಿ ತಿರುಗಿ ನೋಡಿ, “ರೂಮ್ ನೋಡೋಕ್ ಬಂದ್ರಾ? ಒಬ್ರೇನಾ, ಫ್ಯಾಮಿಲೀನಾ?” ಎಂದಳು.

ಗಾಜಿನಾಚೆ ಕೂತಿದ್ದ ಅತ್ತಿಗೆ ನಕ್ಕಳು. ಅಣ್ಣ ಹೋದ ಮೇಲೆ ಅವಳು ನಕ್ಕಿದ್ದನ್ನು ತಮ್ಮ ನೋಡಿದ್ದು ಅದೇ ಮೊದಲು.

ಆ ರಬ್ಬರಿನೊಳಗಿದ್ದವನು ಅಣ್ಣ. ಆಕಾಶ ಬಿರಿದು, ಸೈನ್ಯ ಓಡಿಬಂದು, ವಿಜ್ಞಾನಿಗಳು ಗಡಗಡ ನಡುಗುವ ಸಿನಿಮಾಗಳನ್ನೆಲ್ಲ ಗೇಲಿ ಮಾಡುವ ಸಿನಿಮಾ ಅದು. ಇದರಲ್ಲಿ ಅನ್ಯಗ್ರಹದವನು ಬಂದರೆ ಹೆದರಲಿಕ್ಕೆ ಯಾರಿಗೂ ಪುರುಸೊತ್ತಿಲ್ಲ. ಜೀವನವೆಲ್ಲ ನಾಯಕನಿಂದ ಕಪಾಳಕ್ಕೆ ಹೊಡೆಸಿಕೊಂಡು, ಕೆಸರಿಗೆ ಬಿದ್ದು ಜನರನ್ನು ನಗಿಸಿದ ಅಣ್ಣನಿಗೆ ಕೊನೆಗೂ ಮುಖ್ಯ ಪಾತ್ರ ಸಿಕ್ಕಿತ್ತು. “ಮುಖಾನೇ ಕಾಣ್ದಿರೋ ಹೀರೋ ಕಣೋ ನಾನು” ಎಂದು ಹೇಳಿಕೊಂಡು ತಿರುಗಿದ್ದ.

ಚಿತ್ರೀಕರಣದ ಕೊನೆಯ ದಿನವೇ ಅವನು ತೀರಿಕೊಂಡ. ನಿರ್ದೇಶಕ ಮನೆಗೆ ಬಂದು, “ಶಾಟ್ ಓಕೆ ಆಯ್ತಮ್ಮ. ಕುರ್ಚೀಲಿ ಕೂತ್ರು, ಹಾಗೇ ಹೋಗ್ಬಿಟ್ರು. ಎಲ್ರನ್ನೂ ನಗಿಸ್ತಾನೇ ಹೋದ್ರು” ಎಂದಿದ್ದ. ಅತ್ತಿಗೆ ಆ ಮಾತನ್ನೇ ಹಿಡಿದುಕೊಂಡು ದಿನ ದೂಡಿದಳು. ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿದಳು.

ಉಳಿದಿದ್ದು ಡಬ್ಬಿಂಗ್. ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ತಮ್ಮನದೂ ಅಣ್ಣನದೂ ಒಂದೇ ದನಿ. ಫೋನಿನಲ್ಲಿ ಅತ್ತಿಗೆಯೇ ಎಷ್ಟೋ ಸಲ ಮೋಸ ಹೋಗಿದ್ದಳು. “ಯಾರ್ದೋ ದನಿ ಬೇಡ ಕಣಪ್ಪ, ನೀನೇ ಮಾಡು” ಎಂದಿದ್ದಳು.

ಕೊನೆಯ ದೃಶ್ಯ ಬಂತು, ಕೊನೆಯ ದಿನ ತೆಗೆದದ್ದು. ಬಿಸಿಲಿನ ತಾರಸಿಯಲ್ಲಿ ಹಸಿರು ಪ್ರಾಣಿ ಕುತ್ತಿಗೆ ಹಿಡಿದುಕೊಂಡು ಗಿರಗಿರ ತಿರುಗಿತು. ನೀರಿನ ಟ್ಯಾಂಕಿಗೆ ಡಿಕ್ಕಿ ಹೊಡೆಯಿತು. ಬೆನ್ನಿಗೆ ಕೈ ಹಾಕಲು ಹೋಗಿ ಎಟುಕದೆ ಬುಗುರಿಯ ಹಾಗೆ ಸುತ್ತಿ, ಕೆಳಗೆ ಬಿದ್ದು ಕಾಲು ಬಡಿಯಿತು. ಯಜಮಾನಿ ಒಂದು ಬಕೆಟ್ ನೀರು ತಂದು ಅದರ ಮೇಲೆ ಸುರಿದಳು. ತಮ್ಮನಿಗೂ ನಗು ತಡೆಯಲಾಗಲಿಲ್ಲ.

“ಇದು ಸ್ಕ್ರಿಪ್ಟ್‌ನಲ್ಲೇ ಇರ್ಲಿಲ್ಲ ಸಾರ್, ಅವ್ರೇ ಹುಟ್ಟಿಸ್ಕೊಂಡಿದ್ದು” ಎಂದಿತು ಸ್ಪೀಕರಿನಲ್ಲಿ ನಿರ್ದೇಶಕನ ದನಿ. “ಅವರ ಗ್ರಹದ ಭಾಷೆ ಅಂತ ಏನಾದ್ರೂ ಒದರಿ.” ಅಷ್ಟರಲ್ಲಿ ಯಾರದೋ ಫೋನು ಬಂದು ಅವನು ಹೊರಗೆ ಹೋದ.

“ಶೂಟಿಂಗ್ ದಿನದ ಸೌಂಡ್ ಒಂದ್ಸಲ ಹಾಕಿ. ಎಷ್ಟು ಉದ್ದ ಮಾತಾಡ್ಬೇಕು ಅಂತ ಗೊತ್ತಾಗ್ಲಿ” ಎಂದ ತಮ್ಮ.

“ಅದು ಸರಿಯಾಗಿಲ್ಲ ಸಾರ್. ಹಾಗೇ ಮಾಡ್ಬಿಡಿ” ಎಂದ ಸೌಂಡ್ ಎಂಜಿನಿಯರ್.

“ಪರವಾಗಿಲ್ಲ, ಹಾಕಿ.”

ಎಂಜಿನಿಯರ್ ನಿರ್ದೇಶಕನ ಖಾಲಿ ಕುರ್ಚಿಯನ್ನೊಮ್ಮೆ ನೋಡಿ ಗುಂಡಿ ಒತ್ತಿದ. ತಮ್ಮನ ಹೆಡ್‌ಫೋನಿನಲ್ಲಿ ಮೊದಲು ಕೇಳಿಸಿದ್ದು ಹತ್ತಾರು ಜನರ ನಗು. ಅದರಡಿಯಲ್ಲಿ, ಬಾಯಿಗೆ ದಿಂಬು ಒತ್ತಿದ ಹಾಗೆ, ಅಣ್ಣ.

“ಜಿಪ್ಪು... ಹಿಂದೆ, ಜಿಪ್ಪು ಎಳೀರಿ... ಉಸಿರು... ಉಸಿರಾಡಕ್ಕೆ...”

“ಸೂಪರ್ ಸಾರ್! ಹಂಗೇ ಮಾಡ್ತಿರಿ!” ಎಂದು ಯಾರೋ ಕೂಗಿದರು. ಮತ್ತೆ ನಗು. ನೀರು ಸುರಿದ ಸದ್ದು. ಆಮೇಲೆ ಅಣ್ಣನ ದನಿ ಇರಲಿಲ್ಲ. ನಗು ಮಾತ್ರ ಇನ್ನೂ ಸ್ವಲ್ಪ ಹೊತ್ತು ಇತ್ತು.

ಗಾಜಿನಾಚೆ ಎಂಜಿನಿಯರ್ ತಲೆ ಎತ್ತಲಿಲ್ಲ. ಅವನ ಪಕ್ಕ, ಏನೂ ಕೇಳಿಸದ ಅತ್ತಿಗೆ ಮುಂದಕ್ಕೆ ಬಾಗಿದಳು. “ಯಾಕೋ, ಹಾಗ್ ನಿಂತ್ಬಿಟ್ಟೆ? ನಿಮ್ಮಣ್ಣ ಏನಂತಾರೆ ಅಲ್ಲಿ?”

ಅವಳ ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ. ತಮ್ಮ ಬಾಯಿ ತೆರೆದ.

“ಏನಿಲ್ಲ ಅತ್ತಿಗೆ. ಅದೇ... ಅವರ ಗ್ರಹದ ಭಾಷೆ.”

ದೃಶ್ಯ ಮತ್ತೆ ಶುರುವಾಯಿತು. “ಗುಬ್ಬುಲುಬು... ಲಬಲಬ, ಗುಬ್ಬುಲು ಝೂಂ...” ಅಣ್ಣನ ಒಂದೊಂದು ಮಾತಿನ ಮೇಲೂ ಸರಿಯಾಗಿ ಕೂರುವಂತೆ ತಮ್ಮ ಒದರಿದ. ಎಲ್ಲಿ ಉಸಿರು ಸಿಕ್ಕಿಕೊಂಡಿತ್ತೋ ಅಲ್ಲಿ ಬಿಕ್ಕಳಿಕೆ ಹಾಕಿದ. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಬಾಗಿಲಲ್ಲಿ ಬಂದು ನಿಂತ ನಿರ್ದೇಶಕ ಹೆಬ್ಬೆರಳು ಎತ್ತಿ ತೋರಿಸಿ, ಮತ್ತೆ ಫೋನು ಕಿವಿಗಿಟ್ಟುಕೊಂಡು ಹೋದ.

ಅತ್ತಿಗೆ ಕಣ್ಣೊರೆಸಿಕೊಂಡು ಎದ್ದು ಬ್ಯಾಗು ಹುಡುಕತೊಡಗಿದಾಗ ಎಂಜಿನಿಯರ್ ಮೈಕಿಗೆ ತುಟಿ ತಾಗಿಸಿ ಪಿಸುಗುಟ್ಟಿದ. “ಆ ಹಳೇ ಸೌಂಡು... ಡೈರೆಕ್ಟರು ಅಳಿಸಿಬಿಡು ಅಂದಿದ್ದಾರೆ. ಅಳಿಸ್ಲಾ ಸಾರ್?”

ತಮ್ಮ ಅತ್ತಿಗೆಯ ಬೆನ್ನನ್ನೊಮ್ಮೆ ನೋಡಿದ.

“ಇನ್ನೊಂದ್ಸಲ ಹಾಕಿ” ಎಂದ.

ಬ್ಯಾಗು ಹೆಗಲಿಗೇರಿಸಿಕೊಂಡ ಅತ್ತಿಗೆ ಗಾಜಿನಾಚೆಯಿಂದ ಬಾರೋ ಎಂದು ಕೈ ಮಾಡಿದಳು. ಅವನು ಒಂದು ನಿಮಿಷ ಎಂದು ಬೆರಳೆತ್ತಿ ತೋರಿಸಿ, ಹೆಡ್‌ಫೋನನ್ನು ಎರಡೂ ಅಂಗೈಗಳಿಂದ ಕಿವಿಗೆ ಒತ್ತಿಕೊಂಡ.