ಮೂರು ವರ್ಷ ಕಮ್ಮಿ

ನನ್ನ ಹೆಸರು ಯಮನಪ್ಪ. ತಾತನ ಹೆಸರು, ಇಡುವಾಗ ನನ್ನನ್ನು ಯಾರೂ ಕೇಳಲಿಲ್ಲ. ಆ ಸಿಟ್ಟಿಗೆ ಯಾರ ಮನೆಗೆ ಹೋದರೂ ಬಾಗಿಲಲ್ಲೇ ಒಂದು ಡೈಲಾಗ್ ಹೊಡೆದು ಒಳಗೆ ಹೋಗುವುದು ನನ್ನ ಅಭ್ಯಾಸ. ಆ ಶುಕ್ರವಾರ ಸಂಜೆ ಹೂಡಿಯಲ್ಲಿರುವ ಅಕ್ಕನ ಫ್ಲ್ಯಾಟಿನ ಬಾಗಿಲಲ್ಲೂ ಅದನ್ನೇ ಮಾಡಿದೆ.

"ಆ ಯಮ ಬಂದ್ರೆ ಮನೆಯವ್ರೆಲ್ಲ ಅಳ್ತಾರೆ. ಈ ಯಮ ಬಂದ್ರೆ ಅಡುಗೆಮನೆ ಒಂದೇ ಅಳುತ್ತೆ!"

ಅಕ್ಕನ ಅತ್ತೆ ಚನ್ನಬಸಮ್ಮ ನಗುತ್ತಾ ಬಂದು ನನ್ನ ಬಾಯಿಗೆ ಪೇಡೆ ತುರುಕಿದರು. "ಬಾರಪಾ ತಮ್ಮಾ, ಬಾ. ರಿಪೋರ್ಟ್ ಬಂತು. ಕೂಸು ಛಲೋ ಐತಂತ."

ಅಕ್ಕ ಹೇಮಲತಾಗೆ ಆಗ ಹದಿಮೂರನೇ ವಾರ. ಹಿಂದಿನ ವಾರ ಒಂದು ಸ್ಕ್ಯಾನ್, ಒಂದು ರಕ್ತಪರೀಕ್ಷೆ ಆಗಿತ್ತು. ಎರಡನ್ನೂ ಸೇರಿಸಿ ಒಂದು ಲೆಕ್ಕ ಕೊಡುತ್ತಾರಂತೆ, ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವ ಎಷ್ಟು ಎಂದು. ಅಕ್ಕನ ರಿಪೋರ್ಟಿನಲ್ಲಿ ನಾನೂರ ಹತ್ತಕ್ಕೆ ಒಂದು ಎಂದಿತ್ತು. ಇನ್ನೂರೈವತ್ತಕ್ಕಿಂತ ಕೆಳಗೆ ಬಂದರೆ ಮಾತ್ರ ಯೋಚನೆ ಮಾಡಬೇಕು. ವೈಟ್‌ಫೀಲ್ಡ್ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿರುವ ವಿನಾಯಕ ಭಾವ ಆ ಹಾಳೆಯನ್ನು ಪ್ರಿಂಟ್ ಹಾಕಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಬಿಟ್ಟಿದ್ದರು.

"ಸ್ಟೇಟಸ್ ಗ್ರೀನ್, ಯಮಾ. ಡಾಕ್ಟರ್ ಇನ್ನೂ ಎರಡು ಟೆಸ್ಟ್ ಹೇಳಿದ್ರು. ಒಂದು ದೊಡ್ಡ ಬ್ಲಡ್ ಟೆಸ್ಟು, ಎನ್‌ಐಪಿಟಿ ಅಂತ. ಇನ್ನೊಂದು ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆಯೋದು. ಈಗ ಎರಡೂ ಬೇಡ. ಕ್ಲೋಸ್ಡ್."

"ಸೂಜಿ ಗೀಜಿ ಏನೂ ಬ್ಯಾಡ" ಎಂದರು ಚನ್ನಬಸಮ್ಮ. "ದೇವರು ಕೊಟ್ಟದ್ದನ್ನ ಮತ್ತ ಮತ್ತ ತಗದು ನೋಡಬಾರದು."

ಎಲ್ಲರೂ ನಗುತ್ತಿದ್ದರು, ಅಕ್ಕ ಒಬ್ಬಳನ್ನು ಬಿಟ್ಟು. ಅವಳು ನನ್ನ ಅಂಗಿಯ ಕಾಲರ್ ಹಿಡಿದು ವಾಷಿಂಗ್ ಮಷೀನ್ ಇರುವ ಹಿಂದಿನ ಬಾಲ್ಕನಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ನಾನು ಹುಟ್ಟಿದ್ದು ಯಾವಾಗ ಹೇಳು."

"ಜೂನ್ ಒಂದು, ತೊಂಬತ್ತೆರಡು. ಅಪ್ಪ ಸ್ಕೂಲಿಗೆ ಸೇರಿಸಿದ ಮಕ್ಕಳೆಲ್ಲ ಜೂನ್ ಒಂದೇ ಅಲ್ವಾ? ಇಡೀ ಕರ್ನಾಟಕ ಒಂದೇ ದಿನ ಹೆರಿಗೆ..."

"ಆಧಾರ್ ಕಾರ್ಡ್ ಕೇಳಿಲ್ಲ ನಾನು. ನಿಜ ಹೇಳು."

ನನ್ನ ನಗೆ ನಿಂತಿತು. ತೀರಿಹೋದ ಅವ್ವ ಹೇಳುತ್ತಿದ್ದ ಮಾತು ನೆನಪಾಯಿತು. ರಾಣೆಬೆನ್ನೂರಿನ ಅಜ್ಜಿಯ ಮನೆಯಲ್ಲಿ ನಾಗರಪಂಚಮಿಗೆ ಕಟ್ಟಿದ ಜೋಕಾಲಿ ಬಿಚ್ಚುವ ಮೊದಲೇ ಹೇಮಾ ಹುಟ್ಟಿದಳು ಎಂದು. ಅದು ಎಂಬತ್ತೊಂಬತ್ತನೇ ಇಸವಿ. ಅಪ್ಪ ಪೀಣ್ಯದ ಫ್ಯಾಕ್ಟರಿಗೆ ಸೇರಿ ಸಂಸಾರವನ್ನು ದಾಸರಹಳ್ಳಿಗೆ ತಂದಾಗ ಅಕ್ಕನಿಗೆ ಎಂಟು ತುಂಬಿತ್ತು. ಇಂಗ್ಲಿಷ್ ಬರದವಳನ್ನು ಇಲ್ಲಿಯ ಸ್ಕೂಲಿನವರು ಮತ್ತೆ ಒಂದನೇ ಕ್ಲಾಸಿನಿಂದ ಕೂರಿಸಿದರು. ಅಪ್ಪ ಇದೇ ಸಮಯ ಎಂದು ಅರ್ಜಿಯಲ್ಲಿ ಮೂರು ವರ್ಷ ಕಮ್ಮಿ ಬರೆಸಿದರು. ಮಗಳಿಗೆ ಸರ್ಕಾರಿ ನೌಕರಿ ಸಿಕ್ಕರೆ ಮೂರು ವರ್ಷ ಸರ್ವಿಸ್ ಹೆಚ್ಚು ಸಿಗುತ್ತದೆಂಬ ಲೆಕ್ಕ. ನೌಕರಿ ಸಿಗಲಿಲ್ಲ. ಸುಳ್ಳು ಮಾತ್ರ ಖಾಯಂ ಆಯಿತು.

"ಆ ನಂಬರಿಗೆ ತಾಯಿ ವಯಸ್ಸು ಸೇರಿಸ್ತಾರೆ ಕಣೋ" ಎಂದಳು ಅಕ್ಕ. ಹಲ್ಲು ಕಚ್ಚಿದ್ದಳು. "ಫಾರಂ ತುಂಬಿದ್ದು ಇವರು, ಆಧಾರ್ ನೋಡ್ಕೊಂಡು. ಪಕ್ಕದಲ್ಲಿ ಅತ್ತೆ. ನಾನು ಕಲ್ಲಿನ ತರ ಕೂತಿದ್ದೆ. ಮೂವತ್ಮೂರು ಅಂತ ಬರೆದ್ರು. ನಂಗೆ ಮೂವತ್ತಾರು. ಅಲ್ಲಿ ಫ್ರಿಜ್ ಮೇಲಿದೆಯಲ್ಲ, ಅದು ನನ್ನ ರಿಪೋರ್ಟೇ ಅಲ್ಲ. ಹುಟ್ಟದೇ ಇರೋ ಯಾವಳದೋ ರಿಪೋರ್ಟು. ಅದನ್ನ ನೋಡಿ ಟೆಸ್ಟ್ ಬೇಡ ಅಂತ ಇವರೆಲ್ಲ ಸೇರಿ ಡಿಸೈಡ್ ಮಾಡ್ತಿದಾರೆ!"

"ಭಾವಂಗೆ ಗೊತ್ತಿಲ್ವಾ?"

"ಅವರು ಹುಟ್ಟಿದ್ದು ತೊಂಬತ್ತರಲ್ಲಿ. ಹೆಂಡತಿ ಒಂದು ವರ್ಷ ದೊಡ್ಡೋಳು ಅಂತ ಗೊತ್ತಿದ್ರೆ ಈ ಅತ್ತೆ ಸಂಬಂಧ ಮಾಡ್ತಿದ್ರಾ? ಅಪ್ಪ ಜಾತಕಾನೂ ಹೊಸದಾಗಿ ಬರೆಸಿದ್ರಲ್ಲ."

ನನಗೆ ತಕ್ಷಣ ಒಂದು ಐಡಿಯಾ ಬಂತು. ಜನರನ್ನು ಯಾಮಾರಿಸಿ ರೀಲ್ಸ್ ಮಾಡುವವನು ನಾನು, ನನಗೆ ಬರುವುದೆಲ್ಲ ಒಂದೇ ತರದ ಐಡಿಯಾ. ಗಂಟಲು ಸರಿಮಾಡಿಕೊಂಡು, ಮೂಗಿನಲ್ಲಿ ಮಾತಾಡಿ ತೋರಿಸಿದೆ. "ಹಲೋ ಸಾರ್, ಲ್ಯಾಬಿಂದ ವೆಂಕಟೇಶಪ್ಪ ಮಾತಾಡೋದು. ನಿಮ್ ಮಿಸೆಸ್ ಸ್ಯಾಂಪಲ್ ಸ್ವಲ್ಪ ಮಿಸ್ಟೇಕ್ ಆಗೋಗಿದೆ ಸಾರ್, ದೊಡ್ ಟೆಸ್ಟೇ ಮಾಡಿಸ್ಬೇಕಾಗುತ್ತೆ... ಹೆಂಗಿದೆ? ಯಾರಿಗೂ ವಯಸ್ಸು ಗೊತ್ತಾಗಲ್ಲ, ನಿಂಗೆ ಟೆಸ್ಟೂ ಆಗುತ್ತೆ."

ಅವಳು ನನ್ನ ಕೆನ್ನೆಗೆ ಬಾರಿಸಿದಳು. ತಮಾಷೆಗಲ್ಲ.

"ಅವರ ಸುಳ್ಳಿಗೆ ನೀನು ತೇಪೆ ಹಾಕ್ತೀಯಾ? ನನ್ನ ಹೊಟ್ಟೆ ನಿಂಗೆ ರೀಲ್ಸ್ ಮಾಡೋ ಜಾಗಾನಾ? ನಾನೇ ಹೇಳ್ತೀನಿ, ಸೋಮವಾರ, ಡಾಕ್ಟರ್ ಮುಂದೆ. ನಾಳೆ ಅಪ್ಪಂಗೆ ತಿಳಿಸ್ಬೇಕು. ಬಾ ಜೊತೆಗೆ. ಬಾಯಿ ಮುಚ್ಕೊಂಡು ಬಾ."

ಮರುದಿನ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ದಾಸರಹಳ್ಳಿಗೆ ಹೋದೆವು. ಅಪ್ಪ, ಅಂದರೆ ದ್ಯಾಮಣ್ಣ, ಇಪ್ಪತ್ತೈದು ವರ್ಷ ಲೇತ್ ಮಷೀನಿನ ಮುಂದೆ ನಿಂತು ರಿಟೈರ್ ಆದವರು. ಕೊನೆಯ ದಿನ ಫ್ಯಾಕ್ಟರಿಯವರು ಕೊಟ್ಟ, ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ಷೋಕೇಸಿನಲ್ಲಿ ದೇವರಂತೆ ಕೂತಿದೆ. ಅಕ್ಕ ಹೇಳಿದ್ದನ್ನೆಲ್ಲ ಅಪ್ಪ ಪೂರ್ತಿ ಕೇಳಿದರು. ಆಮೇಲೆ ಎದ್ದುಹೋಗಿ ಬೀದಿಬಾಗಿಲು ಹಾಕಿ ಬಂದರು.

"ಮೆತ್ತಗ ಮಾತಾಡು. ಮೂರು ವರ್ಷಕ್ಕ ಏನಾಗತೈತಿ? ನಾ ಏನ್ ಕಳುವು ಮಾಡೀನೇನು? ಊರಾಗ ಎಲ್ಲಾರೂ ಬರಿಸ್ಯಾರ."

"ನಂಬರ್ ಬದಲಾಗುತ್ತಪ್ಪಾ."

"ಅದು ಯಂತ್ರ ಹೇಳೋ ಮಾತು. ನಿನ್ನ ಅವ್ವ ಯಾವ ಟೆಸ್ಟ್ ಮಾಡಿಸಿದ್ಲು? ನೀವಿಬ್ರೂ ನೆಟ್ಟಗ ಹುಟ್ಟಲಿಲ್ಲೇನು?" ನನ್ನನ್ನು ನೋಡಿ, "ಇವನೊಬ್ಬ ಸ್ವಲ್ಪ ಸೊಟ್ಟ" ಎಂದರು.

ಬೇರೆ ದಿನವಾಗಿದ್ದರೆ ಇದಕ್ಕೆ ನನ್ನ ಬಳಿ ಹತ್ತು ಡೈಲಾಗ್ ಇರುತ್ತಿದ್ದವು. ಅಕ್ಕ ಷೋಕೇಸ್ ತೆಗೆದು ಮೈಕ್ರೋಮೀಟರನ್ನು ಅಪ್ಪನ ಮುಂದಿನ ಟೀಪಾಯಿಯ ಮೇಲೆ ಠಣ್ ಎಂದು ಇಟ್ಟಳು.

"ಹತ್ತು ಮೈಕ್ರಾನ್ ತಪ್ಪಿದ್ರೆ ಪೀಸ್ ಎಸೀತಿದ್ರಿ ನೀವು. ಒಂದ್ಸಲ ಸೂಪರ್‌ವೈಸರ್ ಸೈನ್ ಹಾಕಿದ್ ಮೇಲೂ ಲಾಟ್ ಪೂರ್ತಿ ವಾಪಸ್ ತರಿಸಿದ್ರಿ. ಊಟಕ್ಕೆ ಕೂತಾಗೆಲ್ಲ ಅದೇ ಕಥೆ ಹೇಳ್ತಿದ್ರಿ. ಇದು ಮೂರು ವರ್ಷ ಅಪ್ಪಾ! ಕಬ್ಬಿಣಕ್ಕಿದ್ದ ನಿಯತ್ತು ಮಗಳಿಗಿಲ್ವಾ?"

ಅಪ್ಪನ ಮುಖ ಕಪ್ಪಿಟ್ಟಿತು. "ಬೀಗರ ಮುಂದ ನನ್ನ ಮಾನ ಕಳೀತೀಯೇನು? ಅವರು ನಿನ್ನ ಮನಿ ಬಿಟ್ಟು ಹೊರಗ ಹಾಕಿದ್ರ ನಾ ಜವಾಬ್ದಾರ ಅಲ್ಲ."

"ಸರಿ. ಸೋಮವಾರ ಐದು ಗಂಟೆಗೆ. ಬಂದ್ರೆ ಬನ್ನಿ."

ಅವರು ಬಂದರು. ವೈಟ್‌ಫೀಲ್ಡ್ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕಲ್ಯಾಣಮಂಟಪಕ್ಕೆ ಬಂದವರಂತೆ ನಮಗಿಂತ ಮೊದಲೇ ಕೂತಿದ್ದರು. "ಏನ್ರೀ ದ್ಯಾಮಣ್ಣಾರ, ನೀವೂ ಬಂದ್ರಿ?" ಎಂದು ಚನ್ನಬಸಮ್ಮ ಖುಷಿಪಟ್ಟರು. ನಾನು ಕೋಡಂಗಿಯಂತೆ ಎಲ್ಲರಿಗೂ ಕುರ್ಚಿ ಎಳೆದುಕೊಟ್ಟೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಡಾಕ್ಟರ್ ಸುಕೃತಿ ರಿಪೋರ್ಟ್ ನೋಡಿ, "ಕಮ್ಮಿ ರಿಸ್ಕ್ ಇದೆ. ಮುಂದಿನ ಟೆಸ್ಟ್ ಬೇಕಾ ಬೇಡ್ವಾ ಅನ್ನೋದು ನಿಮ್ಮಿಷ್ಟ, ಹೇಮಲತಾ" ಎಂದರು.

"ಬೇಡ ಮೇಡಂ, ನಾವು ಮಾತಾಡ್ಕೊಂಡಿದೀವಿ" ಎಂದರು ಭಾವ.

"ನಿಮ್ಮನ್ನ ಕೇಳಿದ್ರಾ?" ಎಂದಳು ಅಕ್ಕ.

ಅಪ್ಪ ಮೇಜಿನ ಕೆಳಗೆ ನನ್ನ ಮೊಣಕಾಲನ್ನು ಹಿಸುಕಿದರು. ಕಿವಿಯ ಹತ್ತಿರ ಬಾಗಿ, "ಏನರ ಒಂದು ಡೈಲಾಗ್ ಹೊಡಿಯಲೇ, ನಗಿಸು ಎಲ್ಲಾರನ್ನೂ" ಎಂದರು. ಇಪ್ಪತ್ಮೂರು ವರ್ಷದಿಂದ ನನ್ನ ಒಂದು ಡೈಲಾಗಿಗೂ ನಗದ ಮನುಷ್ಯ! ನನಗೆ ಎಂಥ ಸಿಟ್ಟು ಬಂತೆಂದರೆ, ಅವರ ಕೈಯನ್ನು ಎತ್ತಿ ಅವರ ಮೊಣಕಾಲಿನ ಮೇಲೆಯೇ ಇಟ್ಟೆ.

"ಮೇಡಂ, ಫಾರಂನಲ್ಲಿರೋ ಡೇಟ್ ಆಫ್ ಬರ್ತ್ ಸುಳ್ಳು" ಎಂದಳು ಅಕ್ಕ. "ನಂಗೆ ಮೂವತ್ತಾರು."

ಭಾವ ನಕ್ಕರು. ಚನ್ನಬಸಮ್ಮ ನನ್ನ ಕಡೆ ತಿರುಗಿ, "ಇದೂ ನಿಂದ ಕಿತಾಪತಿ ಏನೋ ತಮ್ಮಾ? ಎಲ್ಲೆರ ಕ್ಯಾಮೆರಾ ಇಟ್ಟೀಯೇನು?" ಎಂದು ಮೂಲೆಯಲ್ಲಿದ್ದ ಹೂಕುಂಡದ ಹಿಂದೆ ನೋಡಿದರು.

"ಇಲ್ಲ ಅತ್ತೆ. ನಿಜ" ಎಂದೆ. ಯಾರೂ ನಂಬಲಿಲ್ಲ. ಹುಟ್ಟಿದಾಗಿನಿಂದ ಸುಳ್ಳು ಹೇಳಿಕೊಂಡು ಬಂದವನ ನಿಜಕ್ಕೆ ಇಷ್ಟೇ ಬೆಲೆ ಎಂದು ಆ ಹೊತ್ತಿಗೆ ಗೊತ್ತಾಯಿತು.

"ಸರಿಯಾದ ಡೇಟ್ ಯಾವುದು?" ಎಂದು ಡಾಕ್ಟರ್ ಕೀಬೋರ್ಡಿನ ಮೇಲೆ ಕೈಯಿಟ್ಟರು.

"ನಂಗೇ ಸರಿಯಾಗಿ ಗೊತ್ತಿಲ್ಲ. ಬರೆಸಿದವರನ್ನೇ ಕೇಳಿ." ಅಕ್ಕ ಕುರ್ಚಿಯನ್ನು ಪೂರ್ತಿ ತಿರುಗಿಸಿದಳು. "ಹೇಳಪ್ಪಾ."

ಅಪ್ಪ ನೆಲ ನೋಡಿದರು. ಷರ್ಟಿನ ಗುಂಡಿ ಮುಟ್ಟಿಕೊಂಡರು. "ಹೇಳಪ್ಪಾ!" ಎಂದು ಅಕ್ಕ ಮೇಜು ಗುದ್ದಿದಳು. ಡಾಕ್ಟರ ಪೆನ್ ಸ್ಟ್ಯಾಂಡ್ ಉರುಳಿಬಿತ್ತು.

"ಪಂಚಮಿ ಮರುದಿನ" ಎಂದರು ಅಪ್ಪ. "ಎಂಬತ್ತೊಂಬತ್ತನೇ ಇಸ್ವಿ. ಮುಂಜಾನೆ."

ನಾನು ಫೋನ್ ತೆಗೆದು ಆ ವರ್ಷದ ಪಂಚಮಿ ಹುಡುಕಿದೆ. "ಆಗಸ್ಟ್ ಆರು, ಭಾನುವಾರ. ಹಾಗಾದ್ರೆ ಅಕ್ಕ ಹುಟ್ಟಿದ್ದು ಆಗಸ್ಟ್ ಏಳು."

ಡಾಕ್ಟರ್ ಟೈಪ್ ಮಾಡಿದರು. ಸ್ಕ್ಯಾನ್ ಅದೇ, ರಕ್ತ ಅದೇ, ತಾರೀಖು ಮಾತ್ರ ಬೇರೆ. ಪರದೆಯನ್ನು ಅಕ್ಕನ ಕಡೆ ತಿರುಗಿಸಿದರು. ಇನ್ನೂರ ಹದಿನೈದಕ್ಕೆ ಒಂದು.

"ಇದು ಹೈ ರಿಸ್ಕ್ ಲೆಕ್ಕಕ್ಕೆ ಬರುತ್ತೆ. ಹಾಗಂತ ಮಗುಗೆ ತೊಂದರೆ ಇದೆ ಅಂತ ಅರ್ಥ ಅಲ್ಲ. ಇನ್ನೂರ ಹದಿನಾಲ್ಕು ಸಲ ಏನೂ ಇರಲ್ಲ. ಆದ್ರೆ ಮೊದಲಿನ ಲೆಕ್ಕ ಇಟ್ಕೊಂಡು ಬೇಡ ಅನ್ನೋದು ಬೇರೆ, ಇದನ್ನ ನೋಡಿ ಬೇಡ ಅನ್ನೋದು ಬೇರೆ. ಈಗ ಬ್ಲಡ್ ಟೆಸ್ಟ್ ಮಾಡಿಸಬಹುದು. ಅದು ಶೇಕಡಾ ನೂರು ಹೇಳಲ್ಲ. ಅದರಲ್ಲಿ ಡೌಟ್ ಬಂದ್ರೆ ಹದಿನಾರು ವಾರ ಆದ್ಮೇಲೆ ಸೂಜಿ ಟೆಸ್ಟು. ಏನೂ ಮಾಡಿಸದೇನೂ ಇರಬಹುದು."

"ಮೋಸ!" ಚನ್ನಬಸಮ್ಮ ಎದ್ದು ನಿಂತರು. "ದ್ಯಾಮಣ್ಣಾರ, ಜಾತಕದಾಗೂ ಸುಳ್ಳು? ದೇವರ ಮುಂದ ಅಕ್ಕಿಕಾಳು ಹಾಕಿಸ್ಕೊಂಡ್ರಲ್ರೀ!"

ಭಾವ ಅಕ್ಕನನ್ನೇ ನೋಡುತ್ತಿದ್ದರು. "ಮೂರು ವರ್ಷ ಆಯ್ತು ಮದುವೆಯಾಗಿ. ಪ್ರತಿ ಜೂನ್ ಒಂದಕ್ಕೆ ಕೇಕ್ ಕಟ್ ಮಾಡ್ತಿದ್ಯಲ್ಲ, ಹೇಮಾ."

"ಮಾಡ್ತಿದ್ದೆ. ಅದು ನನ್ನ ತಪ್ಪು. ಬೈಯ್ರಿ, ಮನೆಗೆ ಹೋಗಿ ಎಷ್ಟು ಬೇಕಾದ್ರೂ ಬೈಯ್ರಿ." ಅಕ್ಕನ ಧ್ವನಿ ತಗ್ಗಲಿಲ್ಲ. "ಆದ್ರೆ ನಾಲ್ಕು ದಿನದಿಂದ ನನ್ನ ಹೊಟ್ಟೆ ಬಗ್ಗೆ ಕ್ಲೋಸ್ಡ್ ಅಂತ ನೀವು ಹೇಳಿದ್ರಿ, ಬ್ಯಾಡ ಅಂತ ಅತ್ತೆ ಹೇಳಿದ್ರು, ಮೆತ್ತಗ ಮಾತಾಡು ಅಂತ ಅಪ್ಪ ಹೇಳಿದ್ರು. ಇವನು ನೋಡಿದ್ರೆ ನಾಟಕ ಮಾಡೋಣ ಅಂದ. ನಿಂಗೇನು ಬೇಕು ಅಂತ ಒಬ್ಬರೂ ಕೇಳಲಿಲ್ಲ."

"ಈಗ ಕೇಳ್ತಿದೀನಿ. ಆ ಟೆಸ್ಟಲ್ಲಿ ಏನಾದ್ರೂ ಬಂದ್ರೆ ಏನ್ ಮಾಡ್ತೀಯಾ?" ಎಂದರು ಭಾವ.

"ಗೊತ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ ರೀ. ಇಟ್ಕೊಳ್ತೀನೋ ಏನೋ. ಆದ್ರೆ ನನ್ನದೇ ವಯಸ್ಸಲ್ಲಿ, ನನ್ನದೇ ನಂಬರ್ ನೋಡಿ ಯೋಚನೆ ಮಾಡ್ತೀನಿ." ಡಾಕ್ಟರ ಕಡೆ ತಿರುಗಿದಳು. "ಬ್ಲಡ್ ಟೆಸ್ಟ್ ಮಾಡ್ಸಿ ಮೇಡಂ. ಸೂಜಿದು ಆಮೇಲೆ ನೋಡ್ತೀನಿ. ಸೈನ್ ಯಾರ್ದು ಬೇಕು?"

"ನಿಮ್ಮದೊಂದೇ ಸಾಕು."

ಫಾರಂ ಬಂತು. ಭಾವ ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಕೈ ಹಾಕಿದರು. ಅಕ್ಕ ಆ ಪೆನ್ನನ್ನು ಅವರ ಕೈಯಿಂದಲೇ ತೆಗೆದುಕೊಂಡು, ಏಳು, ಎಂಟು, ಸಾವಿರದ ಒಂಬೈನೂರ ಎಂಬತ್ತೊಂಬತ್ತು ಎಂದು ಹಾಳೆ ಹರಿಯುವಷ್ಟು ಒತ್ತಿ ಬರೆದಳು.

ಹೊರಗೆ ಹಾಲಿನಲ್ಲಿ ಯಾರೂ ಯಾರ ಪಕ್ಕದಲ್ಲೂ ಕೂರಲಿಲ್ಲ. ಅಪ್ಪ ನನ್ನ ಹತ್ತಿರ ಬಂದು, "ಬೀಗತಿಗೆ ನೀನರ ಒಂದು ಮಾತು ಹೇಳು. ಆ ಡೇಟ್ ಖರೇ ಇಲ್ಲ, ನನಗ ವಯಸ್ಸಾಗೇತಿ, ಮರವು ಅಂತ ಹೇಳು. ನಿನ್ನ ಬಾಯಿಗೆ ಬರತೈತಿ" ಎಂದರು.

"ಅಪ್ಪಾ, ನನ್ನ ಬಾಯಿ ಇವತ್ತು ಹೌಸ್‌ಫುಲ್" ಎಂದೆ. ಅವರಿಗೂ ನಗು ಬರಲಿಲ್ಲ, ನನಗೂ ಬರಲಿಲ್ಲ.

ಅಷ್ಟರಲ್ಲಿ ರಕ್ತ ತೆಗೆಯುವ ರೂಮಿನಿಂದ ನರ್ಸ್ ಒಬ್ಬಳು ತಲೆ ಹಾಕಿ, ಮೂವತ್ತು ಜನ ಕೂತಿದ್ದ ಹಾಲಿಗೆಲ್ಲ ಕೇಳುವಂತೆ ಕೂಗಿದಳು. "ಹೇಮಲತಾ! ಮೂವತ್ತಾರು ವರ್ಷ! ಯಾರ್ರೀ ಹೇಮಲತಾ, ಮೂವತ್ತಾರು?"

ಚನ್ನಬಸಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಅಪ್ಪ ಗೋಡೆಯ ಕಡೆ ತಿರುಗಿದರು.

"ನಾನೇ" ಎಂದು ಅಕ್ಕ ಕೈ ಎತ್ತಿದಳು. "ಮೂವತ್ತಾರು. ಬಂದೆ."

ಬಳೆಗಳನ್ನು ಮೇಲೆ ತಳ್ಳಿಕೊಂಡು, ಯಾರನ್ನೂ ನೋಡದೆ ಒಳಗೆ ಹೋದಳು. ಅವಳ ಬ್ಯಾಗು ಕುರ್ಚಿಯಲ್ಲೇ ಉಳಿದಿತ್ತು. ಭಾವ ಸ್ವಲ್ಪ ಹೊತ್ತು ಅದನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಅದನ್ನು ಸಿಟ್ಟಿನಿಂದಲೇ ಎತ್ತಿ ಹೆಗಲಿಗೆ ಹಾಕಿಕೊಂಡು, ಆ ರೂಮಿನ ಬಾಗಿಲ ಬಳಿ ಹೋಗಿ ನಿಂತರು.