ರಂಗೂನಿನ ಅಣ್ಣ

ಬೆಳಗಿನಿಂದ ಅಂಜಿನಪ್ಪನ ಜೀವ ಬಾಯಿಗೆ ಬಂದಿತ್ತು. ಗುಂತಕಲ್ಲಿನ ರೈಲ್ವೆ ತಂತಿ ಆಫೀಸಿನಲ್ಲಿ ಅವನಿಗೆ ಕೆಲಸ ಗೊತ್ತಾಗಿತ್ತು. ಆದರೆ ಯುದ್ಧದ ಕಾಲ. ಆ ತಂತಿಯಲ್ಲಿ ಸೈನ್ಯದ ರೈಲುಗಳ ಸುದ್ದಿ ಓಡಾಡುತ್ತಿತ್ತು. ಮನೆತನ ಎಂಥದು, ಹೊರದೇಶದಲ್ಲಿ ಯಾರಿದ್ದಾರೆ ಎಂದು ಪೊಲೀಸರು ವಿಚಾರಿಸಿ ಸೈ ಅನ್ನುವವರೆಗೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಆ ವಿಚಾರಣೆಗೆ ಇನ್‌ಸ್ಪೆಕ್ಟರರು ಈ ಹೊತ್ತು ಅವನ ಊರಾದ ಆಲೂರಿಗೆ ಬರುವವರಿದ್ದರು.

ಹೊರದೇಶದಲ್ಲಿದ್ದವನು ಒಡಹುಟ್ಟಿದ ಅಣ್ಣ ಭೀಮಲಿಂಗಪ್ಪ. ರಂಗೂನಿನಲ್ಲಿ ಲಾರಿ ಹೊಡೆಯುತ್ತೇನೆಂದು ಹೋದ ಪುಣ್ಯಾತ್ಮ, ಜಪಾನಿನವರು ಊರು ಹಿಡಿದಾಗ ಎಲ್ಲರಂತೆ ಕಾಲಿಗೆ ಬುದ್ಧಿ ಹೇಳುವುದು ಬಿಟ್ಟು ಅಲ್ಲೇ ಉಳಿದ. ಈಗ ಅವರದೇ ಲಾರಿ ಹೊಡೆಯುತ್ತಿದ್ದಾನೆಂದು ಬರ್ಮಾದಿಂದ ನಡೆದು ಬಂದ ಆದೋನಿಯ ಬಡಗಿಯೊಬ್ಬ ಅಂಜಿನಪ್ಪನ ಕಿವಿಯಲ್ಲಿ ಹೇಳಿದ್ದ. ಶತ್ರುಗಳ ಚಾಕರಿ ಮಾಡುವವನ ತಮ್ಮನಿಗೆ ಕೆಲಸ ಎಲ್ಲಿಯದು, ಸಿಕ್ಕರೆ ಜೈಲೇ. ಹೆದರಿದ ಅಂಜಿನಪ್ಪ ಅದನ್ನು ಅತ್ತಿಗೆ ಉಚ್ಚಮ್ಮನಿಗೂ ಹೇಳಲಿಲ್ಲ. ಗಂಡ ಇದ್ದಾನೋ ಇಲ್ಲವೋ ಎಂದು ಆಕೆ ಕೊರಗುತ್ತಿದ್ದಳು. ಆದರೆ ಒಳ್ಳೆಯ ಸುದ್ದಿ ಆಕೆಯ ಹೊಟ್ಟೆಯಲ್ಲಿ ನಿಲ್ಲದು, ಸಂಜೆಯೊಳಗೆ ಬಾವಿಕಟ್ಟೆಗೆಲ್ಲ ಹಬ್ಬುತ್ತದೆ ಎಂದು ಅವನ ಅಂಜಿಕೆ.

ಇನ್‌ಸ್ಪೆಕ್ಟರರು ಬಂದರು. ಪಡಸಾಲೆಯಲ್ಲಿ ಕೂತವರೇ ಕೇಳಿದರು.

“ಏಮಯ್ಯಾ, ನಿಮ್ಮಣ್ಣ ರಂಗೂನ್‌ದಾಗ ಅದಾನಂತ?”

ಎಲ್ಲಿದ್ದಾನೋ ಗೊತ್ತಿಲ್ಲ ಎನ್ನಬೇಕೆಂದಿದ್ದವನ ಬಾಯಿಂದ ಹೆದರಿಕೆಗೆ ಬೇರೆಯೇ ಮಾತು ಬಿತ್ತು.

“ಇಲ್ರಿ ದೊರಿ, ಆತ ತೀರಿಹೋದ. ನಡಕೊಂತ ಬರುವಾಗ ಅಡವ್ಯಾಗ ಜ್ವರ ಬಂದು...”

“ಊರಾಗ ಒಬ್ಬರೂ ಹಂಗ ಹೇಳಲಿಲ್ಲಲ್ಲ?” ಇನ್‌ಸ್ಪೆಕ್ಟರರು ಮುಂದಕ್ಕೆ ಬಾಗಿದರು. “ಸುಳ್ಳಂದ್ರ ಇಲ್ಲಿಂದಾನ ಬೇಡಿ ಹಾಕಿ ಕರ್ಕೊಂಡು ಹೋಗ್ತೀನಿ, ನೋಡು.”

ಅಂಜಿನಪ್ಪ ಕೈ ಮುಗಿದ. “ಅತ್ತಿಗಿಗೆ ಹೆಂಗ ಹೇಳಲಿ ಅಂತ ಮುಚ್ಚಿಟ್ಟೀನ್ರಿ.”

ಆಗಲೇ ಬಾಗಿಲಲ್ಲಿ ಚೊಂಬು ಬಿದ್ದ ಸದ್ದಾಯಿತು. ಬಂದವರಿಗೆಂದು ಮಜ್ಜಿಗೆ ತಂದ ಉಚ್ಚಮ್ಮ ಅಲ್ಲೇ ನಿಂತಿದ್ದಳು.

“ಅಂಜಿನಪ್ಪಾ, ಖರೇ ಏನಪ್ಪಾ?”

ಇನ್‌ಸ್ಪೆಕ್ಟರರು ಆಕೆಯನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದರು. ಅಂಜಿನಪ್ಪ ತಲೆ ತಗ್ಗಿಸಿದ.

“ಹೌದು ಅತ್ತಿಗಿ.”

ಆಕೆ ಒಳಗೆ ಹೋದಳು. ಬೀಸುವ ಕಲ್ಲಿಗೆ ಕೈ ಅಪ್ಪಳಿಸಿ ಬಳೆ ಒಡೆದುಕೊಂಡಳು. ಆಮೇಲೆ ಎದ್ದ ಕೂಗಿಗೆ ಪಕ್ಕದ ಮನೆಯ ಬಸವಕ್ಕ ಓಡಿಬಂದಳು, ಅವಳ ಹಿಂದೆ ಓಣಿಯ ಹೆಂಗಸರೆಲ್ಲ ಬಂದರು. ಈ ಮನುಷ್ಯ ತೊಲಗಿದ ಕೂಡಲೇ ಆಕೆಯ ಕಾಲು ಹಿಡಿದು ನಿಜ ಹೇಳುತ್ತೇನೆಂದು ಅಂಜಿನಪ್ಪ ಮನಸ್ಸಿನಲ್ಲೇ ಆಣೆ ಮಾಡಿದ.

ಇನ್‌ಸ್ಪೆಕ್ಟರರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಎದ್ದರು. ಅವರ ದನಿ ಮೆತ್ತಗಾಗಿತ್ತು.

“ಆ ಅಳು ಕೇಳಿದ ಮ್ಯಾಲ ನನಗೇನೂ ಅನುಮಾನ ಇಲ್ಲಪ್ಪ. ನಿನ್ನ ಕೆಲಸಕ್ಕ ಅಡ್ಡಿ ಇಲ್ಲ. ಅಣ್ಣನ ದಿನಕರ್ಮ ಮುಗಿಸಿ ಹೋಗು. ಯುದ್ಧ ಮುಗಿಯೋತನಕ ನಮ್ಮವರು ಆಗಾಗ ಬಂದು ಮನಿ ನೋಡ್ತಿರ್ತಾರ, ಬೇಜಾರಾಗಬ್ಯಾಡ.”

ಅವರ ಗಾಡಿ ಹೋದ ಮೇಲೆ ಅಂಜಿನಪ್ಪ ಒಳಗೆ ಹೋದ. ಬಸವಕ್ಕ ಸೆರಗಿನಿಂದ ಉಚ್ಚಮ್ಮನ ಕುಂಕುಮ ಒರೆಸುತ್ತಿದ್ದಳು. ಉಚ್ಚಮ್ಮ ಅವನ ಕೈ ಹಿಡಿದುಕೊಂಡು, “ಇಷ್ಟು ದಿನ ಒಬ್ಬನ ಹೊಟ್ಟ್ಯಾಗ ಇಟ್ಕೊಂಡು ಹೆಂಗ ಸುಟ್ಕೊಂಡ್ಯೋ ಅಪ್ಪಾ” ಎಂದು ಅವನಿಗಾಗಿ ಅತ್ತಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಓಣಿಯೆಲ್ಲ ನೋಡುತ್ತಿತ್ತು, ಅವನು ಹೇಳಲಿಲ್ಲ.

ಅಣ್ಣ ಬದುಕಿ ಮನೆಗೆ ಬಂದರೆ ಏನು ಗತಿ ಎಂಬ ಹೊಸ ಭಯ ಅವನಿಗೆ ಆ ಗಳಿಗೆಯಲ್ಲೇ ಹಿಡಿಯಿತು.