ಮಂಚವಿಲ್ಲದ ಮದುವೆ

"ಮಂಚ ಎಲ್ಲೇ?"

ವಲಸೆ ಕಚೇರಿಯ ಅಧಿಕಾರಿ ಕ್ರಿತ್ಸದಾ ಫೋಟೋಗಳನ್ನು ಇಸ್ಪೀಟೆಲೆ ಒಗೆದಂತೆ ಮೇಜಿನ ಮೇಲೆ ಒಗೆದ. ಎರಡು ಜಾರಿ ನೆಲಕ್ಕೆ ಬಿದ್ದವು. ಮಿ ಜರಾಯ್ ಬಗ್ಗಿ ಎತ್ತಿಕೊಂಡಳು.

"ಮಂಚ ಇಲ್ಲ ಸಾಹೇಬ್ರೆ. ಚಾಪೆ ಮ್ಯಾಲೆ ಮಲಗ್ತೀವಿ."

"ಮನೆ ಮುಂದೆ ನಿಂತಿದೀರ, ಅನ್ನ ತಿಂತಿದೀರ, ವಿಹಾರದಲ್ಲಿ ಕೈ ಮುಗೀತಿದೀರ. ಇದನ್ನೆಲ್ಲ ಅಣ್ಣ ತಂಗೀನೂ ಮಾಡ್ತಾರೆ. ಮಲಗೋ ಕೋಣೇಲಿ ಗಂಡ ಹೆಂಡ್ತಿ ಕೂತಿರೋ ಫೋಟೋ ಬೇಕು ಅಂತ ಇಲ್ಲಿ ಬರೆದಿಲ್ವಾ? ಓದೋಕೆ ಬರಲ್ವಾ?"

"ಥಾಯ್ ಅಕ್ಷರ ಬರಾಕಿಲ್ಲ ಸಾಹೇಬ್ರೆ."

"ಅಕ್ಷರ ಬರಲ್ಲ, ಗಂಡ ಮಾತ್ರ ಥಾಯ್‌ನೇ ಆಗ್ಬೇಕು!"

ಹಿಂದಿನ ಸಾಲು ನಕ್ಕಿತು. ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಗಂಡ ತೋಂಗ್‌ಬಾಯ್ ಕೂಡ ನಕ್ಕ. ದೊಡ್ಡವರು ನಕ್ಕಾಗ ತಾನೂ ನಗುವುದು ಅವನಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಉಪ್ಪಿನ ಕಣದ ಬಿಸಿಲಿಗೆ ಅವನ ಒಂದು ಕಣ್ಣು ಬೆಳ್ಳಗಾಗಿತ್ತು. ನಗುವಾಗ ಆ ಕಣ್ಣು ಮಾತ್ರ ನಗುತ್ತಿರಲಿಲ್ಲ. ಸಾಲಿನವರು ನಕ್ಕಿದ್ದು ಜರಾಯ್‌ಗೆ ತಾಗಲಿಲ್ಲ. ಇವನು ನಕ್ಕಿದ್ದು ತಾಗಿತು.

ಪಕ್ಕದ ಮೇಜಿಗೆ ಎಪ್ಪತ್ತರ ಬಿಳಿಯನೊಬ್ಬ ಬಂದ. ಜೊತೆಗೆ ಮೂವತ್ತರ ಥಾಯ್ ಹೆಂಡತಿ, ಕಡತ ಹಿಡಿದ ವಕೀಲ. ಕ್ರಿತ್ಸದಾ ಎದ್ದು ಕೈ ಮುಗಿದು, ಕುರ್ಚಿ ಎಳೆದು ಕೊಟ್ಟ. ಅವರ ಕೆಲಸ ಒಂದು ಲೋಟ ಐಸ್ ಕಾಫಿ ಮುಗಿಯುವಷ್ಟರಲ್ಲಿ ಮುಗಿಯಿತು. ಅವರ ಮಂಚವನ್ನು ಯಾರೂ ಕೇಳಲಿಲ್ಲ.

ಜರಾಯ್ ಗಡಿಯಾಚೆ, ಬರ್ಮಾದ ಮೋನ್ ಜನರ ಹಳ್ಳಿಯವಳು. ಹನ್ನೊಂದು ವರ್ಷದಿಂದ ಈ ಕರಾವಳಿಯಲ್ಲಿ ಕಮ್ನಾನ್ ಚಮ್ರಾತನ ಉಪ್ಪಿನ ಕಣದಲ್ಲಿ ದುಡಿಯುತ್ತಿದ್ದಳು. ಕಮ್ನಾನ್ ಎಂದರೆ ಹತ್ತು ಊರಿಗೆ ಯಜಮಾನ. ಸರ್ಕಾರವೂ ಅವನೇ, ಧಣಿಯೂ ಅವನೇ. ಅವಳ ಕೂಲಿ ಚೀಟಿ ಅವನ ಹೆಸರಿನಲ್ಲಿತ್ತು. ಅವನ ಕಣ ಬಿಟ್ಟರೆ ಚೀಟಿ ಹೋಯಿತು, ಚೀಟಿ ಹೋದರೆ ದೇಶ ಹೋಯಿತು. ತೋಂಗ್‌ಬಾಯ್ ಜೊತೆ ಬಾಳುವೆ ಶುರುವಾಗಿ ನಾಲ್ಕು ವರ್ಷವಾಗಿತ್ತು. ತಾಲ್ಲೂಕು ಕಚೇರಿಯಲ್ಲಿ ಮದುವೆ ದಾಖಲಾಗಿ ಒಂದು ವರ್ಷ. 'ಇವಳಿಗೆ ಬೇರೆ ಗಂಡನಿಲ್ಲ' ಎಂಬ ಒಂದು ಕಾಗದಕ್ಕಾಗಿ ಅವಳು ಮೂರು ಬಸ್ಸು ಬದಲಿಸಿ ತನ್ನ ದೇಶಕ್ಕೆ ಹೋಗಿ ಬಂದಿದ್ದಳು. ಅದನ್ನು ಥಾಯ್ ಭಾಷೆಗೆ ಅನುವಾದ ಮಾಡಿಸಿ ಎರಡು ಕಡೆ ಮುದ್ರೆ ಒತ್ತಿಸಿದ್ದಳು. ಹೆಂಡತಿ ಎಂಬ ವೀಸಾ ಸಿಕ್ಕರೆ ಅವಳ ಹೆಸರು ಗಂಡನ ಹೆಸರಿಗೆ ಅಂಟುತ್ತದೆ, ಕಮ್ನಾನನ ಹೆಸರಿನಿಂದ ಕಳಚುತ್ತದೆ. ಬೇಕಾಗಿದ್ದು ಅಷ್ಟೇ.

ಬಿಳಿಯನನ್ನು ಬಾಗಿಲತನಕ ಬಿಟ್ಟುಬಂದ ಕ್ರಿತ್ಸದಾ ಹೇಳಿದ: "ಗುರುವಾರ ಮನೆಗೆ ಬಂದು ನೋಡ್ತೀನಿ. ಮಂಚ ಇರ್ಬೇಕು. ಇವಳು ನಿಜವಾಗ್ಲೂ ಇವನ ಹೆಂಡ್ತಿ ಅನ್ನೋಕೆ ಮರ್ಯಾದಸ್ಥ ಸಾಕ್ಷಿ ಇರ್ಬೇಕು. ಉಪ್ಪು ಹೊರೋರು ಬೇಡ. ಕಮ್ನಾನರನ್ನ ಕೇಳ್ಕೊಳ್ಳಿ."

ಕಮ್ನಾನ್ ಚಮ್ರಾತ್ ಜಗಲಿಯ ಮೇಲೆ ತನ್ನ ಕಾಳಗದ ಹುಂಜಕ್ಕೆ ಅರಿಸಿನದ ನೀರು ಒರೆಸುತ್ತಿದ್ದ. ಗಂಡಹೆಂಡಿರು ಕೆಳಗೆ, ಅಂಗಳದ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತರು.

"ಯಾಕೆ, ನನ್ನ ಚೀಟಿ ಮೈಗೆ ಚುಚ್ತದಾ?"

"ಇಲ್ಲ ಧಣಿ..." ಎಂದ ತೋಂಗ್‌ಬಾಯ್.

"ನಿನ್ನ ಕೇಳ್ಲಿಲ್ಲ ಕಣೋ ಎಮ್ಮೆ. ಅವಳ್ನ ಕೇಳ್ದೆ."

"ಮದ್ವೆ ಆಗೀವಿ. ಗಂಡನ ಹೆಸರಲ್ಲಿ ಇರಾನ ಅಂತ," ಎಂದಳು ಜರಾಯ್.

"ಇವತ್ತು ಗಂಡನ ಹೆಸರು ಅಂತೀಯ. ನಾಳೆ ಕೆಲ್ಸಕ್ಕೆ ಬರಾಕಿಲ್ಲ ಅಂತೀಯ. ನಾಡಿದ್ದು ಉಳಿದ ಮೂವತ್ತು ಮುಂಡೇರ್ಗೂ ಒಬ್ಬೊಬ್ಬ ಕುಡುಕನ್ನ ಹುಡುಕಿ ಕಟ್ತೀಯ. ಆಮೇಲೆ ನನ್ ಉಪ್ಪು ಎಳಿಯಾಕೆ ಯಾವನು ಬರ್ತಾನೆ, ಬರ್ಮಾದಿಂದ ನಿಮ್ಮಪ್ಪ ಬರ್ತಾನಾ?"

ಅವನು ಹುಂಜದ ಕೊರಳು ಸವರಿ ನಕ್ಕ.

"ಆಯ್ತು ಹೋಗ್ರಿ. ಸಾಕ್ಷಿ ತಾನೆ? ಬರ್ತೀನಿ. ನಾನು ಕಂಡಿದ್ದ ಹೇಳ್ತೀನಿ."

ತೋಂಗ್‌ಬಾಯ್ ಮೂರು ಸಲ ನೆಲಕ್ಕೆ ಹಣೆ ಮುಟ್ಟಿಸಿದ. ದಾರಿಯಲ್ಲಿ, "ನೋಡಿದ್ಯಾ, ಬೈದ್ರೂ ಧಣಿ ಹೊಟ್ಟೇಲಿ ಕಲ್ಮಶ ಇಲ್ಲ," ಎಂದ. ಕಮ್ನಾನ್ ನಕ್ಕಾಗ ಅವನ ಹಲ್ಲು ಕಾಣಲಿಲ್ಲ ಎಂಬುದನ್ನು ಜರಾಯ್ ನೋಡಿದ್ದಳು.

ಪಕ್ಕದ ಮನೆಯಲ್ಲಿದ್ದ, ಅದೇ ಕಣದಲ್ಲಿ ದುಡಿಯುವ ಮುದುಕಿ ಸಮ್ರುಯ್ ತನ್ನ ಮಂಚ ಕೊಟ್ಟಳು. ನಾಲ್ಕು ಹೆಂಗಸರು ಹೊತ್ತು ತಂದರು. ಬಾಗಿಲಲ್ಲಿ ತೂರಲಿಲ್ಲವೆಂದು ಕದವನ್ನೇ ಕಿತ್ತು ಪಕ್ಕಕ್ಕಿಟ್ಟರು. ಮಂಚ ಒಳಗೆ ಬಂದ ಮೇಲೆ ಬಾಗಿಲ ಬಳಿ ಬಿಟ್ಟರೆ ಕೋಣೆಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. "ಇನ್ನು ನೀವು ಮಂಚ ಇಳಿಯಂಗೇ ಇಲ್ಲ ಕಣ್ರೇ!" ಎಂದು ಸಮ್ರುಯ್ ಬೊಚ್ಚುಬಾಯಲ್ಲಿ ಕೇಕೆ ಹಾಕಿದಳು. ಜರಾಯ್ ಕೂಡ ನಕ್ಕಳು. ಕೆನ್ನೆಗೂ ಹಣೆಗೂ ತನ್ನ ಊರಿನ ಹೆಂಗಸರು ಹಚ್ಚುವ ತನಖಾ ಮರದ ಗಂಧವನ್ನು ಹೊಸದಾಗಿ ತೇದು ಹಚ್ಚಿಕೊಂಡಳು.

ಗುರುವಾರ ಕ್ರಿತ್ಸದಾ ಕ್ಯಾಮೆರಾ ಹಿಡಿದು ಬಂದ. ಕಮ್ನಾನನ ಕಾರಿನಲ್ಲೇ ಬಂದ. ಕದವಿಲ್ಲದ ಬಾಗಿಲಲ್ಲಿ ನೆರೆಯವರು ಗುಂಪುಗೂಡಿದರು.

"ಕೂತ್ಕೊಳ್ರಿ. ಹತ್ರ. ಇನ್ನೂ ಹತ್ರ. ಏನಯ್ಯಾ, ಹೆಂಡ್ತೀನ ಮುಟ್ಟೋಕೆ ಕೈ ನಡುಗುತ್ತಾ? ಹೆಗಲ ಮೇಲೆ ಕೈ ಹಾಕು. ಹಾಂ. ಈಗ ಮಲಗ್ರಿ."

ಇಬ್ಬರೂ ಸಮ್ರುಯ್‌ಳ ಮಂಚದ ಮೇಲೆ ಹೆಣದ ಹಾಗೆ ಮಲಗಿದರು. ಕ್ಯಾಮೆರಾ ನಾಲ್ಕು ಸಲ ಮಿಂಚಿತು. ಆಮೇಲೆ ಗಂಡನನ್ನು ಹೊರಗೆ ಕಳಿಸಿ ಹೆಂಡತಿಯನ್ನು ಕೇಳಿದ:

"ಅವನ ಮೈಮೇಲೆ ಮಚ್ಚೆ ಎಲ್ಲಿದೆ?"

"ಎಡ ಭುಜದ ಹಿಂದೆ."

"ಅದು ಬೀದೀಲಿ ಹೋಗೋರಿಗೂ ಕಾಣುತ್ತೆ. ಸೊಂಟದ ಕೆಳಗೆ?"

ಅವಳು ತಲೆ ತಗ್ಗಿಸಿದಳು. "ಬಲ ತೊಡೆ. ಒಳಗಡೆ. ಸುಟ್ಟ ಗಾಯ."

ಅವನನ್ನು ಒಳಗೆ ಕರೆದು, "ಬಿಚ್ಚು" ಎಂದ. ತೋಂಗ್‌ಬಾಯ್ ನಗುತ್ತಲೇ ಅಂಗಿ ಬಿಚ್ಚಿದ. "ಪಂಚೇನೂ ಬಿಚ್ಚಯ್ಯ." ನಗುತ್ತಲೇ ಸೊಂಟದ ಗಂಟಿಗೆ ಕೈ ಹಾಕಿದ. ಬಾಗಿಲಲ್ಲಿ ಹೆಂಗಸರು ಮುಖ ತಿರುಗಿಸಿದರು. ಪಂಚೆ ಕಾಲ ಮೇಲೆ ಬಿತ್ತು. ಅವನ ನಗು ನಿಂತಿತು. ಕ್ರಿತ್ಸದಾ ಬಗ್ಗಿ, ಪೆನ್ನಿನ ತುದಿಯಿಂದ ತೊಡೆ ಸರಿಸಿ ನೋಡಿದ.

"ಗಾಯ ಇದೆ. ಸರಿ. ಕಮ್ನಾನರೆ, ನಿಮ್ಮ ಸಾಕ್ಷಿ?"

ಕಮ್ನಾನ್ ಬಾಗಿಲ ಚೌಕಟ್ಟಿಗೆ ಒರಗಿ ಹಲ್ಲುಕಡ್ಡಿ ಆಡಿಸುತ್ತಿದ್ದ.

"ನಾನು ಕಂಡಿದ್ದ ಹೇಳ್ತೀನಿ. ಈ ಮಂಚ ಸಮ್ರುಯ್‌ದು. ಈ ಗಂಡ ಸಾರಾಯಿ ಅಂಗ್ಡೀದು. ಒಂದ್ ಬಾಟ್ಲಿ ಕೊಟ್ರೆ ಯಾವಳಿಗ್ ಬೇಕಾದ್ರೂ ಗಂಡ ಆಗ್ತಾನೆ. ಇವರಿಬ್ರೂ ಸಂಸಾರ ಮಾಡಿದ್ದ ನಾನಂತೂ ಕಂಡಿಲ್ಲ."

ಸಮ್ರುಯ್ ಮುದುಕಿ ನುಗ್ಗಿ ಒಳಗೆ ಬಂದಳು.

"ಹಂಗಾರೆ ಆ ಕೂಸು ಯಾರ್ದು ಕಮ್ನಾನ್ರೆ? ಹೋದ್ ವರ್ಸ ಏಳು ತಿಂಗ್ಳ ಬಸುರೀಗೆ ಉಪ್ಪಿನ ಅಡ್ಡೆ ಹೊರ್ಸಿದ್ರಲ್ಲ! ರಜಾ ಕೊಡ್ದೆ, ಉಪ್ಪಿನ ಕಣದಾಗೇ ಹೆತ್ಳಲ್ಲ! ಅಳದೇ ಇದ್ದ ಕೂಸು! ಅದರ ಬೂದಿ ಇಟ್ಟವ್ರೆ ವಿಹಾರದ ಗೋಡೇಲಿ, ಹೋಗಿ ನೋಡ್ರಿ!"

ಕಮ್ನಾನ್ ಹಲ್ಲುಕಡ್ಡಿ ತೆಗೆದು ಅದರ ತುದಿ ನೋಡಿದ.

"ಯಾರ್ದೋ ಏನೋ. ನನ್ ಕಣದ ಬದು ಮೇಲೆ ಎಷ್ಟು ನಾಯಿ ಓಡಾಡ್ತವೆ, ನಾನೇನ್ ಲೆಕ್ಕ ಇಡ್ಲಾ?"

ಕ್ರಿತ್ಸದಾ ಕಿಸಕ್ಕನೆ ನಕ್ಕು ಬರೆದುಕೊಂಡ. "ಸುಳ್ಳು ಮದುವೆ. ಅರ್ಜಿ ವಜಾ. ಇವಳನ್ನ ಗಡಿಗೆ ಕಳಿಸ್ಬೇಕಾಗುತ್ತೆ."

"ಪಾಪ, ಹೋಗ್ಲಿ ಬಿಡಿ ಸಾಹೇಬ್ರೆ," ಎಂದ ಕಮ್ನಾನ್. "ನನ್ ಚೀಟಿ ಮೇಲೇ ಇರ್ಲಿ. ನಾನು ಜವಾಬ್ದಾರಿ."

"ಕಂಡ್ಯಾ, ಎಂಥ ದೊಡ್ಡ ಮನಸ್ಸು! ಕಾಲಿಗೆ ಬೀಳು," ಎಂದ ಕ್ರಿತ್ಸದಾ.

ತೋಂಗ್‌ಬಾಯ್ ಪಂಚೆ ಹಿಡಿದುಕೊಂಡೇ ಬಿದ್ದ. ಜರಾಯ್ ಕೂಡ ಬಿದ್ದಳು. ಕಮ್ನಾನನ ಚಪ್ಪಲಿಯ ಹತ್ತಿರ ಹಣೆಯಿಟ್ಟಳು. ಎದ್ದಾಗ ಹಣೆಯ ಗಂಧ ಅಳಿಸಿ ಮಣ್ಣು ಮೆತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಕಮ್ನಾನ್ ಅಧಿಕಾರಿಯನ್ನು ಕಣದ ಪಕ್ಕದ ಮಂಟಪಕ್ಕೆ ಊಟಕ್ಕೆ ಕರೆದೊಯ್ದ. ಬೇಯಿಸಿದ ಏಡಿ, ಹುರಿದ ಮೀನು, ಬಿಯರು. ಮುಂದೆ ಎಕರೆಗಟ್ಟಲೆ ಉಪ್ಪು. ಹಂಗಾಮಿನ ಕೊನೆಯ ಬೆಳೆ. ಮೂವತ್ತು ಜನ ಹದಿನೈದು ದಿನ ಬಾಚಿ ಕಟ್ಟಿದ ರಾಶಿಗಳು ಸಾಲುಸಾಲಾಗಿ ನಿಂತು ಕಣ್ಣು ಚುಚ್ಚುತ್ತಿದ್ದವು. ಮರುದಿನ ಲಾರಿ ಬರುವುದಿತ್ತು.

ನಡುಮಧ್ಯಾಹ್ನ. ಸಮುದ್ರ ಉಬ್ಬರದಲ್ಲಿತ್ತು. ಕಾಲುವೆ ಅಂಚಿನ ತನಕ ತುಂಬಿ ನಿಂತಿತ್ತು.

ಜರಾಯ್ ಉಪ್ಪು ಬಾಚುವ ಗೋರುಮಣೆ ಹೆಗಲಿಗೇರಿಸಿ ಬದುವಿನ ಮೇಲೆ ನಡೆದಳು. ಕೆಲಸಕ್ಕೆ ಹೊರಟಳೆಂದು ಮಂಟಪದವರು ತಿರುಗಿ ನೋಡಲಿಲ್ಲ. ಹಂಗಾಮು ಮುಗಿದ ಮೇಲೆ ಕಣ ತೊಳೆಯಲು ಕಡಲ ನೀರು ಬಿಡುವ ತೂಬೊಂದಿತ್ತು. ನಾಲ್ಕು ಹಲಗೆ, ಒಂದರ ಮೇಲೊಂದು. ಮೊದಲನೆಯದು ಬಿಗಿದಿತ್ತು. ಗೋರುಮಣೆಯ ಹಿಂಬದಿಯಿಂದ ಮೂರು ಏಟು ಕೊಟ್ಟಳು. ಹಲಗೆ ಮೇಲೆದ್ದಿತು. ಎರಡನೆಯದು, ಮೂರನೆಯದು. ನಾಲ್ಕನೆಯದನ್ನು ಕಿತ್ತಾಗ ಕಂದು ನೀರು ಹಗ್ಗ ಹರಿದ ಗೂಳಿಯ ಹಾಗೆ ಒಳಗೆ ನುಗ್ಗಿತು.

ಮೊದಲ ಸಾಲಿನ ರಾಶಿಗಳು ಬುಡದಲ್ಲಿ ಕುಸಿದು, ನಡು ಬಗ್ಗಿ, ಕೂತುಬಿಟ್ಟವು.

"ಏಯ್! ಏಯ್ ಲೌಡಿ!" ಕಮ್ನಾನ್ ಏಡಿಯ ಕಾಲು ಹಿಡಿದುಕೊಂಡೇ ಓಡಿಬಂದ. "ತೋಂಗ್‌ಬಾಯ್! ಮುಚ್ಚೋ! ಹಲಗೆ ಹಾಕೋ ಉಡದ ಮಗನೆ!"

ತೋಂಗ್‌ಬಾಯ್ ಓಡಿಬಂದು ಹಲಗೆ ಎತ್ತಿಕೊಂಡ. ಜರಾಯ್ ಗೋರುಮಣೆ ಎತ್ತಿ ತೂಬಿಗೆ ಅಡ್ಡ ನಿಂತಳು. ಅವನಿಗೂ ಹೊಡೆಯುವವಳೇ. ಅವನು ತನ್ನ ಒಳ್ಳೆಯ ಕಣ್ಣಿನಿಂದ ಅವಳ ಹಣೆಯ ಮಣ್ಣನ್ನು ನೋಡಿದ. ಕಮ್ನಾನನ ಕಡೆ ತಿರುಗಿದ. ಈ ಸಲ ನಗಲಿಲ್ಲ. ಹಲಗೆಯನ್ನು ನೀರಿಗೆ ಎಸೆದ. ಬಗ್ಗಿ ಉಳಿದ ಮೂರನ್ನೂ ಎತ್ತಿ ಎಸೆದ. ನಾಲ್ಕನ್ನೂ ನೀರು ಎಳೆದುಕೊಂಡು ಉಪ್ಪಿನ ರಾಶಿಗಳ ನಡುವೆ ಹೋಯಿತು.

"ಎದ್ದೇಳ್ರೇ ಬೇವರ್ಸಿಗಳಾ! ಬಾಚ್ರೇ! ಹೊರ್ರೇ!" ಕಮ್ನಾನ್ ಕೂಲಿಯವರ ಕಡೆ ಅರಚಿದ. ಬದುವಿನ ಮೇಲೆ ಊಟಕ್ಕೆ ಕೂತಿದ್ದವರು ಅಲುಗಲಿಲ್ಲ. ಸಮ್ರುಯ್ ಬುತ್ತಿ ಬಿಚ್ಚಿ ಅನ್ನಕ್ಕೆ ಮೀನಿನ ಗೊಜ್ಜು ಕಲಸತೊಡಗಿದಳು.

"ಜೈಲಿಗೆ ಹಾಕಿಸ್ತೀನಿ! ಗಡಿಗೆ ಎಸೀತೀನಿ!" ಕ್ರಿತ್ಸದಾ ಫೋನ್ ಕಿವಿಗಿಟ್ಟುಕೊಂಡು ಕೂಗಿದ.

"ಎಸಿ. ಇವತ್ತೇ ಎಸಿ," ಎಂದಳು ಜರಾಯ್. ಕಮ್ನಾನನ ಕಡೆ ತಿರುಗಿದಳು. "ಬದು ಮ್ಯಾಲೆ ಓಡಾಡಾ ನಾಯಿ ಲೆಕ್ಕ ಇಡಾಕಿಲ್ಲ ಅಂದ್ಯಲ್ಲ? ಇಡ್ಬೇಕಾಗಿತ್ತು ಕಣೋ. ಒಂದು ಹೆಣ್ ನಾಯಿ ಇತ್ತು. ಮರಿ ಸತ್ ನಾಯಿ."

ಕಮ್ನಾನ್ ಕಣಕ್ಕೆ ಧುಮುಕಿದ. ಮೊಣಕಾಲೂರಿ ಉಪ್ಪಿನ ಗಂಜಿಯನ್ನು ಎರಡೂ ಕೈಯಲ್ಲಿ ಬಾಚಿ ರೇಷ್ಮೆ ಅಂಗಿಯ ಮಡಿಲಿಗೆ ತುಂಬಿಕೊಳ್ಳತೊಡಗಿದ. ಅದು ಬೆರಳ ಸಂದಿನಿಂದ ಇಳಿದು ಹೋಗುತ್ತಿತ್ತು.

ರಸ್ತೆಯ ಆ ತುದಿಯಲ್ಲಿ ಪೊಲೀಸ್ ಜೀಪಿನ ಧೂಳು ಎದ್ದಿತು. ಕಣದ ಪಡುವಣ ಮೂಲೆಯಲ್ಲಿ ಇನ್ನೊಂದು ತೂಬು ಬಾಕಿಯಿತ್ತು. ಜರಾಯ್ ಗೋರುಮಣೆ ಹೆಗಲಿಗೇರಿಸಿ ಅತ್ತ ಹೊರಟಳು. ತೋಂಗ್‌ಬಾಯ್ ಪಂಚೆಯನ್ನು ಬಿಗಿಯಾಗಿ ಕಟ್ಟಿಕೊಂಡು ಅವಳ ಹಿಂದೆ ನಡೆದ. ಬದುವಿನ ಮೇಲೆ ಕೂತಿದ್ದ ಹೆಂಗಸರಲ್ಲಿ ಒಬ್ಬಳು ಎದ್ದು ನಿಂತಳು.